ಒಂದು ಉರಿ, ನಾಲ್ಕು ಕುದಿ

ಸಂಪಗಾಂವ ಸೀಮೆಯ ಹಳೆಯ ಅಡುಗೆಮನೆಗೆ ಹೋದರೆ ಒಲೆಯ ಮಗ್ಗುಲು ನೋಡಿ. ದೊಡ್ಡ ಬಾಯಿಯ ಮೇಲೆ ಹಂಚು, ಹಂಚಿನ ಮೇಲೆ ಉಬ್ಬುತ್ತಿರುವ ಜೋಳದ ರೊಟ್ಟಿ. ಪಕ್ಕದಲ್ಲಿ, ಮಣ್ಣಿನೊಳಗೇ ಕೊರೆದ ಕಿಂಡಿ. ಆ ಕಿಂಡಿಯಲ್ಲಿ ನುಸುಳಿದ ಉರಿಗೆ ಇನ್ನೊಂದು ಸಣ್ಣ ಬಾಯಿ. ಅದಕ್ಕೆ ಯಾರೂ ಒಂದು ಕಡ್ಡಿ ಸೌದೆ ಹಾಕುವುದಿಲ್ಲ! ಅದೇ ಕೋಡೊಲೆ. ಅದರ ಮೇಲೆ ಹಾಲಿನ ಗಡಿಗೆ ಕೂತು, ಸಂಜೆಯ ಹೊತ್ತಿಗೆ ಕೆನೆ ಕೆಂಪಗೆ ಕಟ್ಟಿರುತ್ತದೆ. “ಉರಿ ಪುಕ್ಕಟ ಹೊಂಟೈತಿ, ಗಡಗಿ ಆ ಕಡೆ ಸರಸು” ಎನ್ನುತ್ತಿದ್ದಳು ನಮ್ಮ ಆಯಿ. ಆ ಮಾತಿನ ಬಾಲ ಹಿಡಿದು ಹೊರಟ ನಾನು ಎಲ್ಲೆಲ್ಲಿಗೆ ಮುಟ್ಟಿದೆ ಗೊತ್ತೇ?

ಮೊದಲು ಸವದತ್ತಿ ತಾಲ್ಲೂಕಿನ ಮುನವಳ್ಳಿಗೆ. ರೇಣುಕಾ ಶುಗರ್ಸ್‌ನವರು ಹಿಂದೂಪುರದ ಹಳೆಯ ಕಾರ್ಖಾನೆಯೊಂದನ್ನು ಕೊಂಡು, ಬಿಚ್ಚಿ, ಇಲ್ಲಿ ತಂದು ನಿಲ್ಲಿಸಿದ ಊರದು. ಸಕ್ಕರೆ ಕಾರ್ಖಾನೆಯ ಹೊಟ್ಟೆಯೊಳಗೆ ನಡೆಯುವುದು ಅಪ್ಪಟ ಕೋಡೊಲೆ ಕೆಲಸ. ಹಿಂಡಿದ ಕಬ್ಬಿನ ಸಿಪ್ಪೆ ಬಾಯ್ಲರಿನಲ್ಲಿ ಉರಿಯುತ್ತದೆ. ಹುಟ್ಟಿದ ಉಗಿ ಟರ್ಬೈನು ತಿರುಗಿಸಿ ವಿದ್ಯುತ್ ಕೊಡುತ್ತದೆ. ದಣಿದು ಹೊರಬಂದ ಅದೇ ಉಗಿ ಕಬ್ಬಿನಹಾಲನ್ನು ಕುದಿಸಲು ಹೋಗುತ್ತದೆ.

ಮುಂದಿನದು ಇನ್ನೂ ಸೋಜಿಗ. ಮೊದಲ ಪಾತ್ರೆಯಲ್ಲಿ ರಸ ಕುದಿದು ಎದ್ದ ಆವಿಯೇ ಎರಡನೆಯದನ್ನು ಕುದಿಸುತ್ತದೆ, ಎರಡನೆಯದರ ಆವಿ ಮೂರನೆಯದನ್ನು, ಮೂರನೆಯದರದು ನಾಲ್ಕನೆಯದನ್ನು! ಹೇಗೆ ಸಾಧ್ಯ? ಪಾತ್ರೆಯಿಂದ ಪಾತ್ರೆಗೆ ಒಳಗಿನ ಒತ್ತಡ ಇಳಿಸುತ್ತಾ ಹೋಗುತ್ತಾರೆ; ಒತ್ತಡ ಇಳಿದಂತೆ ಕುದಿಯುವ ಬಿಂದುವೂ ಇಳಿಯುತ್ತದೆ. ಕೊನೆಯ ಪಾತ್ರೆಯ ರಸ 60 ಡಿಗ್ರಿಯ ಆಸುಪಾಸಿನಲ್ಲೇ ಕೊತಕೊತ ಕುದಿಯುತ್ತದೆ. ಹೀಗೆ ಒಂದು ಕಿಲೋ ಉಗಿ ಸುಮಾರು ನಾಲ್ಕು ಕಿಲೋ ನೀರನ್ನು ಆವಿಯಾಗಿಸುತ್ತದೆ. ಅಮೆರಿಕದ ಲೂಸಿಯಾನಾದ ನಾರ್ಬರ್ಟ್ ರಿಲ್ಯೂ 1843ರಲ್ಲಿ ಪೇಟೆಂಟ್ ಪಡೆದ ಚಮತ್ಕಾರವಿದು.

ಡೆನ್ಮಾರ್ಕಿನಲ್ಲಿ ಈ ಕೋಡೊಲೆ ಕೆಲಸವನ್ನು ಊರಿಗೆ ಊರೇ ಮಾಡುತ್ತದೆ. ಅಲ್ಲಿ ಮೂರು ಮನೆಗಳಲ್ಲಿ ಹೆಚ್ಚುಕಡಿಮೆ ಎರಡಕ್ಕೆ ಬೆಚ್ಚಗಿನ ನೀರು ನೆಲದಡಿಯ ಕೊಳವೆಯಲ್ಲಿ ಬರುತ್ತದೆ. ಕಾಯಿಸುವುದು ವಿದ್ಯುತ್ ಸ್ಥಾವರ, ಕಸ ಸುಡುವ ಘಟಕಗಳಲ್ಲಿ ಉಳಿದ ಶಾಖ. 1877ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದ ಲಾಕ್‌ಪೋರ್ಟಿನಲ್ಲಿ ಬರ್ಡ್‌ಸಿಲ್ ಹಾಲಿ ಇಂಥ ವ್ಯವಸ್ಥೆ ಶುರು ಮಾಡಿದಾಗ ಹರಿದದ್ದು ಸುಡುವ ಉಗಿ. ಈಗಿನ ಹೊಸ ಜಾಲಗಳಿಗೆ 55 ಡಿಗ್ರಿಯ ನೀರೂ ಸಾಕು. ಅಷ್ಟು ತಣ್ಣಗಿನ ನೀರಿನಲ್ಲಿ ಹಿಮಗಾಲ ಕಳೆಯುವುದೆಂತು? ಗುಟ್ಟು ಇರುವುದು ಬಾಯ್ಲರಿನಲ್ಲಲ್ಲ, ಮನೆಯಲ್ಲಿ! ಗೋಡೆ ಶಾಖ ಸೋರದಂತಿದ್ದು, ಕಿಟಕಿಗೆ ಎರಡು ಮೂರು ಪದರ ಗಾಜಿದ್ದರೆ, ಮನೆ ನೀರಿನ ಬಿಸಿಯನ್ನೆಲ್ಲ ಹೀರಿಕೊಂಡು ತಣ್ಣಗೆ ಹಿಂದಿರುಗಿಸುತ್ತದೆ. ತಣ್ಣಗೆ ಮರಳಿದ ನೀರು ಸ್ಥಾವರದಲ್ಲಿ ಉಳಿದ ಶಾಖವನ್ನು ಮತ್ತಷ್ಟು ಬಾಚಿಕೊಳ್ಳುತ್ತದೆ. ಬಿಸಿ ತೆಗೆದುಕೊಳ್ಳಲಾರದ ಮನೆಗೆ ಹೊಕ್ಕ ನೀರಿನದು ಹೋದ ಪುಟ್ಟ ಬಂದ ಪುಟ್ಟ.

ನಮ್ಮ ಸೀಮೆಗೆ ಬೇಕಾದದ್ದು ಬಿಸಿಯಲ್ಲ, ತಂಪು. ಆದರೂ ಗುಟ್ಟು ಅದೇ. ತೊಲೆ, ಜಂತಿಗಳ ಮೇಲೆ ಮಣ್ಣು ಹೊತ್ತ ಮಾಳಿಗೆ ಮನೆಯ ಗೋಡೆ ಮೊಳಕ್ಕಿಂತ ದಪ್ಪ. ಏಪ್ರಿಲ್ ತಿಂಗಳ ನಡುಹಗಲಿನ ಬಿಸಿಲು ಹೊರಗಿನಿಂದ ಹೊಕ್ಕು ಒಳಮೈ ಮುಟ್ಟುವಷ್ಟರಲ್ಲಿ ರಾತ್ರಿಯಾಗಿರುತ್ತದೆ! ಅಷ್ಟೊತ್ತಿಗೆ ಬಾಗಿಲು ತೆರೆದು, ಮಾಳಿಗೆ ಹತ್ತಿ ಮಲಗಿದರಾಯಿತು. ಮಗ್ಗುಲಲ್ಲಿ ಕಟ್ಟಿದ ಹೊಸ ಮನೆಯ ಸ್ಲ್ಯಾಬಿಗೆ ಆ ತಾಳ್ಮೆ ಎಲ್ಲಿಯದು? ಮಧ್ಯಾಹ್ನ ಮೂರಕ್ಕೇ ಫ್ಯಾನು ಬಿಸಿಗಾಳಿ ತಿರುವುತ್ತಿರುತ್ತದೆ.

ಆ ಹೊಸ ಮನೆಯ ಅಡುಗೆಕಟ್ಟೆಯಲ್ಲೂ ಇಣುಕಿದೆ. ಗ್ಯಾಸ್ ಒಲೆಗೂ ಎರಡು ಬಾಯಿ: ಒಂದರ ಮೇಲೆ ರೊಟ್ಟಿ, ಇನ್ನೊಂದರ ಮೇಲೆ ಹಾಲು. ಎರಡಕ್ಕೂ ಬೇರೆ ಬೇರೆ ಉರಿ.