ಅಗುಳಿಯ ಹೊರಗೆ ನಿಂತವರು

ಜರ್ಮನಿಯ ಪಶ್ಚಿಮ ಭಾಗದಲ್ಲಿ, ರೈನ್ ನದಿಯ ತಡಿಯಲ್ಲಿರುವ ಕ್ರೇಫೆಲ್ಡ್ ನಗರವು ರೇಷ್ಮೆಗೂ ಮಖಮಲ್ಲಿಗೂ ಬಹುಕಾಲದಿಂದ ಹೆಸರಾದುದು. ಆದರೆ 2020ರ ಜನವರಿ 1ರಂದು ಲೋಕದ ಪತ್ರಿಕೆಗಳೆಲ್ಲ ಅದರ ಹೆಸರನ್ನೆತ್ತಿದುದು ಬೇರೊಂದು ಕಾರಣದಿಂದ. ಹೊಸ ವರ್ಷದ ಸಡಗರವು ಬೀದಿಗಳಲ್ಲಿ ಇನ್ನೂ ಇಳಿಯದಿದ್ದ ನಡುರಾತ್ರಿಯ ಹೊತ್ತಿನಲ್ಲಿ ಅಲ್ಲಿಯ ಮೃಗಾಲಯದ ವಾನರಗೃಹಕ್ಕೆ ಬೆಂಕಿ ತಗುಲಿ, ಅಗ್ನಿಶಾಮಕ ದಳದವರು ಹೋರಾಡುತ್ತಿದ್ದಂತೆಯೇ ಆ ವಿಶಾಲ ಕಟ್ಟಡವು ಸುಟ್ಟು ನೆಲಸಮವಾಗಿ, ಐದು ಒರಾಂಗುಟಾನ್‌ಗಳೂ ಎರಡು ಗೊರಿಲ್ಲಾಗಳೂ ಒಂದು ಚಿಂಪಾಂಜಿಯೂ ಚಿಕ್ಕ ಕೋತಿಗಳೂ ಬಾವಲಿಗಳೂ ಹಕ್ಕಿಗಳೂ ಸೇರಿ 30ಕ್ಕೂ ಹೆಚ್ಚು ಜೀವಗಳು ಅಳಿದುವು. ಆ ಮನೆಯಲ್ಲಿದ್ದವುಗಳಲ್ಲಿ ಎರಡು ಚಿಂಪಾಂಜಿಗಳು ಮಾತ್ರ ಬದುಕಿ ಉಳಿದುವು; ಹೆಣ್ಣಿನ ಹೆಸರು ಬಾಲಿ, ಗಂಡಿನ ಹೆಸರು ಲಿಂಬೊ. ಅನತಿದೂರದಲ್ಲಿ ಬೇರೆಯಾಗಿಯೇ ಕಟ್ಟಿದ್ದ ಗೊರಿಲ್ಲಾಗಳ ಮನೆಗೆ ಕಿಡಿ ತಾಗಲಿಲ್ಲವಾದುದರಿಂದ ಅಲ್ಲಿದ್ದ ಕುಟುಂಬವು ಉಳಿಯಿತು.

ಈ ಅನರ್ಥಕ್ಕೆ ಮೂಲವಾದುದು ಆಕಾಶಕ್ಕೆ ಹಾರಿಬಿಡುವ ಕಾಗದದ ದೀಪ. ದೀಪಾವಳಿಯಲ್ಲಿ ನಾವು ಸೂರಿನ ಅಂಚಿಗೆ ಕಟ್ಟುವ ಗೂಡುದೀಪವನ್ನು ಓದುಗರು ಇಲ್ಲಿ ಭಾವಿಸಿಕೊಳ್ಳಬಾರದು. ಗೂಡುದೀಪಕ್ಕೆ ದಾರವಿದೆ, ದಾರದ ತುದಿಯಲ್ಲಿ ಅದನ್ನು ಕಾಯುವ ಮನೆಯಿದೆ. ಇದಾದರೋ ತೆಳುಕಾಗದದ ಚೀಲ. ಅದರ ಬಾಯಿಗೆ ಬಿದಿರಿನ ಅಥವಾ ತಂತಿಯ ಬಳೆ. ಬಳೆಯ ನಡುವೆ ಮೇಣ ಹೀರಿದ ಬತ್ತಿಯ ಉಂಡೆ. ಒಳಗಿನ ಗಾಳಿಯು ಕಾದು ಹಗುರವಾದಂತೆ ಅದು ಮೇಲೇರುತ್ತದೆ. ಏರಿದ ಮೇಲೆ ಬಿಟ್ಟವರ ಕೈಯೂ ಇಲ್ಲ, ಕಣ್ಣೂ ಇಲ್ಲ, ಗಾಳಿ ಒಯ್ದತ್ತ ಅದರ ಪಯಣ. ಕ್ರೇಫೆಲ್ಡ್ ಇರುವ ಪ್ರಾಂತದಲ್ಲಿ ಇಂಥ ದೀಪವನ್ನು ಹಾರಿಸುವುದು 2009ರಿಂದಲೇ ನಿಷಿದ್ಧವಾಗಿತ್ತು; ಆ ವರ್ಷ ಅದೇ ಪ್ರಾಂತದ ಸೀಗನ್ ಎಂಬ ಊರಿನಲ್ಲಿ ಇಂಥದೇ ದೀಪದಿಂದ ಹೊತ್ತಿದ ಬೆಂಕಿಗೆ ಹತ್ತು ವರ್ಷದ ಬಾಲಕನೊಬ್ಬನು ಬಲಿಯಾಗಿದ್ದನು. ಹಾರಿಸಬಾರದೆಂದಿದ್ದ ಈ ವಸ್ತುವನ್ನು ಕೊಳ್ಳುವುದಕ್ಕೆ ಮಾತ್ರ ಅಡ್ಡಿಯೇನೂ ಇರಲಿಲ್ಲ. ಅಂತರ್ಜಾಲದ ಅಂಗಡಿಯಿಂದ ಅದು ಮನೆಬಾಗಿಲಿಗೆ ಬರುತ್ತಿತ್ತು.

ಹಾಗೆ ತರಿಸಿಕೊಂಡವರು ಅರುವತ್ತು ವಯಸ್ಸಿನ ಒಬ್ಬ ತಾಯಿ ಮತ್ತು ಪ್ರಾಪ್ತವಯಸ್ಕರಾದ ಅವಳ ಇಬ್ಬರು ಹೆಣ್ಣುಮಕ್ಕಳು. ಸುದ್ದಿ ಕಿವಿಗೆ ಬಿದ್ದ ದಿನವೇ ಮೂವರೂ ತಾವಾಗಿ ಪೋಲೀಸರ ಬಳಿಗೆ ಹೋಗಿ ನಡೆದುದನ್ನು ತಿಳಿಸಿದರು. ಊರು ಕ್ರೋಧದಿಂದ ಕುದಿಯುತ್ತಿದ್ದುದರಿಂದ ಅವರ ಹೆಸರುಗಳನ್ನು ಅಧಿಕಾರಿಗಳು ಹೊರಗೆಡಹಲಿಲ್ಲ. ಅಲಕ್ಷ್ಯದಿಂದ ಬೆಂಕಿ ಹೊತ್ತಿಸಿದ ಅಪರಾಧಕ್ಕಾಗಿ ತನಿಖೆ ನಡೆಯಿತು. ತಾವೇ ಮುಂದೆ ಬಂದು ಒಪ್ಪಿಕೊಂಡ ಆ ಧೈರ್ಯವನ್ನು ನಾನು ಲಘುವಾಗಿ ಎಣಿಸಲಾರೆ. ಅವರು ಸುಮ್ಮನಿದ್ದುಬಿಟ್ಟಿದ್ದರೆ ಅಸಂಖ್ಯ ಪಟಾಕಿಗಳ ಆ ರಾತ್ರಿಯಲ್ಲಿ ಯಾವ ಕಿಡಿ ಯಾರದೆಂದು ಹುಡುಕುವುದು ಎಷ್ಟು ಕಷ್ಟವಾಗುತ್ತಿತ್ತೆಂಬುದನ್ನು ಊಹಿಸಬಹುದು.

ದೀಪ ಹಚ್ಚಿದ ಕೈ ಸಿಕ್ಕಿತೆಂದು ಜನರ ಮನಸ್ಸು ಅಲ್ಲಿಯೇ ನೆಲೆನಿಂತಿತು. ಆದರೆ ಅಂಗೈಯಗಲದ ಒಂದು ಜ್ವಾಲೆಯು ಅಷ್ಟು ದೊಡ್ಡ ಕಟ್ಟಡವನ್ನು ನುಂಗಬೇಕಾದರೆ ಕಟ್ಟಡವೂ ಅದಕ್ಕೆ ಎಡೆಗೊಟ್ಟಿರಬೇಕು. ಆ ಮನೆ 1975ರಲ್ಲಿ ಕಟ್ಟಿದುದು. ಉಷ್ಣವಲಯದ ಪ್ರಾಣಿಗಳಿಗೆ ಬೆಳಕು ಧಾರಾಳವಾಗಿ ಬೀಳಲೆಂದು ಅದರ ಮಾಡಿಗೆ ಗಾಜಿನಂತೆ ಕಾಣುವ ಅಕ್ರಿಲಿಕ್ ಹಲಗೆಗಳನ್ನು ಹೊದಿಸಿದ್ದರು. ಗಾಜು ಉರಿಯದು, ಅಕ್ರಿಲಿಕ್ ಉರಿಯುತ್ತದೆ, ಉರಿಯುತ್ತ ಕರಗಿ ತೊಟ್ಟಿಕ್ಕುತ್ತದೆ. ಬಿಸಿಲನ್ನು ಕೊಡಲೆಂದು ಹಾಕಿದ ಮಾಡೇ ಬೆಂಕಿಯನ್ನು ಸುರಿಸಿತು.

ಮಾಸಾ ಎಂಬುದು ಅಲ್ಲಿದ್ದ ಬೆಳ್ಳಿಬೆನ್ನಿನ ಗಂಡು ಗೊರಿಲ್ಲಾ. ನಾಲ್ವತ್ತೆಂಟು ವರ್ಷದ ಹಿರಿಯ ಜೀವ. ಮೈಯೆಲ್ಲ ಸುಟ್ಟು, ಸಾವೂ ಬಾರದೆ ಬಿದ್ದಿದ್ದ ಅದನ್ನು ಕೊನೆಗೆ ಪೋಲೀಸನೊಬ್ಬನ ಗುಂಡು ಬಿಡುಗಡೆಗೊಳಿಸಿತೆಂಬ ಸಂಗತಿಯು ಹೊರಬಿದ್ದುದು ಬಹಳ ತಿಂಗಳುಗಳಾದ ಮೇಲೆ. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಸಾಗಲಿಲ್ಲ.

ಹೊಣೆ ಯಾರದೆಂಬ ಪ್ರಶ್ನೆ ಅಮೆರಿಕದ ಫಿಲಡೆಲ್ಫಿಯದಲ್ಲಿ ಹಿಂದೆಯೇ ಇನ್ನಷ್ಟು ನಿಷ್ಠುರವಾಗಿ ಎದ್ದಿತ್ತು. 1995ರ ಕ್ರಿಸ್‌ಮಸ್‌ನ ಹಿಂದಿನ ದಿನ ನಸುಕಿನಲ್ಲಿ ಅಲ್ಲಿಯ ಮೃಗಾಲಯದ ವಾನರಗೃಹದಲ್ಲಿ ಬೆಂಕಿಯೆದ್ದು, ಆರು ಗೊರಿಲ್ಲಾಗಳ ಒಂದಿಡೀ ಕುಟುಂಬವೂ ಒರಾಂಗುಟಾನ್, ಗಿಬ್ಬನ್, ಲೀಮರ್‌ಗಳೂ ಸೇರಿ 23 ಪ್ರಾಣಿಗಳು ಹೊಗೆಯಿಂದ ಸತ್ತುವು. ಇಬ್ಬರು ಕಾವಲುಗಾರರಿಗೆ ಎಷ್ಟೋ ಮೊದಲೇ ಹೊಗೆಯ ವಾಸನೆ ಬಂದಿತ್ತು. ಸಮೀಪದ ರೈಲುದಾರಿಯಿಂದ ಬಂದುದೆಂದುಕೊಂಡು ಅವರು ಅತ್ತ ಲಕ್ಷ್ಯ ಕೊಡಲಿಲ್ಲ. ಇಬ್ಬರೂ ಕೆಲಸ ಕಳೆದುಕೊಂಡರು. ಆದರೆ ಹೊಗೆಯನ್ನು ಅರಿತು ಗಂಟೆ ಬಾರಿಸುವ ಯಂತ್ರವಾಗಲಿ ನೀರು ಸಿಂಪಡಿಸುವ ಕೊಳವೆಯಾಗಲಿ ಆ ಕಟ್ಟಡದಲ್ಲಿ ಇರಲಿಲ್ಲ; ಇಬ್ಬರು ಮನುಷ್ಯರ ಮೂಗನ್ನೇ ನಂಬಿ ಇಷ್ಟು ಪ್ರಾಣಗಳನ್ನು ಅವರ ವಶಕ್ಕೆ ಕೊಟ್ಟವರು ಯಾರೋ, ಅವರ ಪಾಲು ಕಾವಲುಗಾರರ ಪಾಲಿಗಿಂತ ಚಿಕ್ಕದೆಂದು ನಾನು ಒಪ್ಪಲಾರೆ.

ಹೊಣೆಯು ಪಿತ್ರಾರ್ಜಿತ ಆಸ್ತಿಯಂತೆ ಹಂಚಿದಷ್ಟೂ ಕಿರಿದಾಗುವುದಿಲ್ಲ. ದೀಪ ಹಾರಿಸಿದ ಮೂವರ ತಪ್ಪು ಪೂರ್ಣವಾಗಿ ಅವರದೇ. ನಿಷಿದ್ಧ ವಸ್ತುವನ್ನು ಮಾರಿದವರದೂ, ಮಾರಲು ಬಿಟ್ಟ ಶಾಸನದ್ದೂ ಅಷ್ಟೇ. ಇವೆಲ್ಲಕ್ಕೂ ಹಿಂದಿನದೊಂದು ಋಣವಿದೆ. ಕಾಡಿನಲ್ಲಿ ಬೆಂಕಿ ಬಿದ್ದರೆ ಪ್ರಾಣಿಯು ಓಡುತ್ತದೆ, ಹಾರುತ್ತದೆ, ಹೊಳೆಗೆ ಇಳಿಯುತ್ತದೆ. ಪಂಜರದಲ್ಲಿ ಅದಕ್ಕೆ ಆ ದಾರಿಯೊಂದೂ ಇಲ್ಲ, ಏಕೆಂದರೆ ಅಗುಳಿಯು ಹೊರಗಡೆ ಇದೆ. ಅದರ ಓಟವನ್ನು ನಾವು ಕಿತ್ತುಕೊಂಡ ದಿನವೇ ಅದರ ಪರವಾಗಿ ಓಡುವ ಕೆಲಸವನ್ನೂ ವಹಿಸಿಕೊಂಡಂತಾಯಿತು.

ನಮಗೂ ಇದು ದೂರದ ಮಾತಲ್ಲ. ಮೈಸೂರಿನ ಮೃಗಾಲಯಕ್ಕೆ 2021ರಲ್ಲಿ ಥಾಬೊ, ಡೆಂಬಾ ಎಂಬ ಎರಡು ಗೊರಿಲ್ಲಾಗಳು ಜರ್ಮನಿಯಿಂದಲೇ ಬಂದುವು. ನಮ್ಮ ನಾಡಿನ ಮೃಗಾಲಯವೊಂದರಲ್ಲಿ ಒಮ್ಮೆ, ಜನರೆಲ್ಲ ಹೊರಟುಹೋಗುತ್ತಿದ್ದ ಇಳಿಹೊತ್ತಿನಲ್ಲಿ, ಕೋತಿಗಳನ್ನು ಒಳಕೋಣೆಗೆ ಸೇರಿಸಿ ಕಬ್ಬಿಣದ ಬಾಗಿಲಿಗೆ ಬೀಗವಿಕ್ಕಿ ಎರಡು ಸಲ ಜಗ್ಗಿ ನೋಡುತ್ತಿದ್ದ ಪಾಲಕನೊಬ್ಬನನ್ನು, ರಾತ್ರಿ ಬೆಂಕಿ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆನು. ಅವನು ಸೊಂಟದ ಗೊಂಚಲನ್ನು ಬಿಚ್ಚಿ, ಹತ್ತಾರು ಬೀಗದ ಕೈಗಳ ನಡುವಿನಿಂದ ಒಂದನ್ನು ನೋಡದೆಯೇ ಬೇರ್ಪಡಿಸಿ ನನ್ನ ಅಂಗೈಯಲ್ಲಿಟ್ಟನು. ಕತ್ತಲೆಯಲ್ಲಿಯೂ ಬೆರಳಿಗೆ ತಿಳಿಯುವಂತೆ ಅದರ ಹಿಡಿಗೆ ದಪ್ಪ ನೂಲು ಸುತ್ತಿತ್ತು.