ಗುಡುಗು-ಸಿಡಿಲಿನ ಮುನ್ಸೂಚನೆ: ಸದಸ್ಯರು ಅರಿತಿರಬೇಕಾದ ಅಂಶಗಳು

ಏಪ್ರಿಲ್-ಮೇ ತಿಂಗಳುಗಳಲ್ಲಿ ಶಿವಮೊಗ್ಗ ಹಾಗೂ ಭದ್ರಾವತಿ ತಾಲ್ಲೂಕುಗಳಲ್ಲಿ ಕೆರೆ ಹೂಳೆತ್ತುವ ಮತ್ತು ಬದು ನಿರ್ಮಾಣದ ಕಾಮಗಾರಿಗಳು ನಡೆಯುತ್ತವೆ. ಮುಂಗಾರು ಪೂರ್ವದ ಗುಡುಗು ಮಳೆಯೂ ಇದೇ ಅವಧಿಯಲ್ಲಿ, ಹೆಚ್ಚಾಗಿ ಮಧ್ಯಾಹ್ನದ ನಂತರ ಬರುತ್ತದೆ. ಬಯಲಿನಲ್ಲಿರುವ ಕೂಲಿಕಾರರು, ರೈತರು ಮತ್ತು ದನಗಾಹಿಗಳು ಆಗ ಸಿಡಿಲಿನ ಅಪಾಯಕ್ಕೆ ಗುರಿಯಾಗುತ್ತಾರೆ. ಆದ್ದರಿಂದ ಮುನ್ಸೂಚನೆಯ ಅರ್ಥವನ್ನೂ ಮಿತಿಯನ್ನೂ ಸದಸ್ಯರು ತಿಳಿದಿರುವುದು ಅವಶ್ಯ.

ಗುಡುಗು ಮೋಡ ಬೆಳೆಯಲು ಮೂರು ಅಂಶಗಳು ಕೂಡಬೇಕು: ತೇವಾಂಶ, ವಾತಾವರಣದ ಅಸ್ಥಿರತೆ ಮತ್ತು ಗಾಳಿಯನ್ನು ಮೇಲೆತ್ತುವ ಬಲ. ಅರಬ್ಬೀ ಸಮುದ್ರದ ತೇವಭರಿತ ಗಾಳಿ ಘಟ್ಟವನ್ನು ದಾಟಿ ಬಂದು ಒಳನಾಡಿನ ಒಣಗಾಳಿಯನ್ನು ಸಂಧಿಸುತ್ತದೆ. ಬಿಸಿಲಿಗೆ ಕಾದ ನೆಲದ ಗಾಳಿ ಮೇಲೇರುತ್ತದೆ. ಎತ್ತರದ ಗಾಳಿ ಸಾಕಷ್ಟು ತಂಪಾಗಿದ್ದರೆ ಈ ಏರಿಕೆ ತೀವ್ರಗೊಳ್ಳುತ್ತದೆ.

ಮಂಗಳೂರು, ಬೆಂಗಳೂರು ಮುಂತಾದ ಕೇಂದ್ರಗಳಿಂದ ಹಾರಿಸುವ ಬಲೂನುಗಳು ವಿವಿಧ ಎತ್ತರಗಳ ಉಷ್ಣತೆ ಮತ್ತು ತೇವಾಂಶವನ್ನು ಅಳೆಯುತ್ತವೆ. ಅದರಿಂದ ಗಾಳಿಯ ಏರಿಕೆಗೆ ಲಭ್ಯವಿರುವ ಶಕ್ತಿಯನ್ನು ಲೆಕ್ಕ ಹಾಕಲಾಗುತ್ತದೆ. ಪ್ರತಿ ಕಿಲೋಗ್ರಾಂ ಗಾಳಿಗೆ ಈ ಶಕ್ತಿ 1,000 ಜೂಲ್‌ಗಿಂತ ಕಡಿಮೆಯಿದ್ದರೆ ದುರ್ಬಲವೆಂದೂ 2,500 ಮೀರಿದರೆ ಪ್ರಬಲವೆಂದೂ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಆದರೆ ಶಕ್ತಿಯೊಂದೇ ಸಾಲದು. ಜಲಾಶಯ ತುಂಬಿದ್ದರೂ ತೂಬು ತೆರೆಯದೆ ನಾಲೆಗೆ ನೀರು ಹರಿಯದು. ಹಾಗೆಯೇ ಮೇಲೆತ್ತುವ ಬಲವಿಲ್ಲದಿದ್ದರೆ ಮೋಡ ಬೆಳೆಯದು.

ಒಂದು ಗುಡುಗು ಮೋಡದ ಹರವು ಕೆಲವೇ ಕಿಲೋಮೀಟರು, ಆಯುಸ್ಸು ಬಹುತೇಕ ಒಂದು ಗಂಟೆಯ ಆಸುಪಾಸು. ಶಿವಮೊಗ್ಗದಲ್ಲಿ ಸಿಡಿಲು ಮಳೆಯಾದ ದಿನ ಸಮೀಪದ ಭದ್ರಾವತಿ ಒಣಗಿರಬಹುದು. ಆದಕಾರಣ ಜಿಲ್ಲಾ ಮುನ್ಸೂಚನೆಯು ಸಾಧ್ಯತೆಯನ್ನು ತಿಳಿಸುತ್ತದೆಯೇ ಹೊರತು ಸಿಡಿಲು ಬೀಳುವ ಗ್ರಾಮವನ್ನಲ್ಲ. ಒಮ್ಮೆ ಮಳೆ ಬಾರದಿದ್ದ ಮಾತ್ರಕ್ಕೆ ಮುಂದಿನ ಎಚ್ಚರಿಕೆಯನ್ನು ಕಡೆಗಣಿಸಬಾರದು.

ಅನುಸರಿಸಬೇಕಾದ ಕ್ರಮ:

1. ಹಿಂದಿನ ದಿನ: ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆಯನ್ನು ನೋಡುವುದು. ಹಳದಿ ಅಥವಾ ಕಿತ್ತಳೆ ಎಚ್ಚರಿಕೆಯಿದ್ದರೆ ಬಯಲಿನ ಕೆಲಸವನ್ನು ಬೆಳಗಿನ ವೇಳೆಯಲ್ಲೇ ಮುಗಿಸುವುದು. ಕೆಂಪು ಇದ್ದರೆ ಮುಂದೂಡುವುದು.

2. ಮೂರು ಗಂಟೆ ಮೊದಲು: ಇಲಾಖೆಯ ತತ್‌ಕ್ಷಣದ ಮುನ್ಸೂಚನೆಯನ್ನು ಕಾಯಕ ಬಂಧುಗಳಿಗೆ ತಲುಪಿಸುವುದು.

3. ಮೋಡ ಸಮೀಪಿಸಿದಾಗ: 'ಸಿಡಿಲು' ಅಥವಾ 'ದಾಮಿನಿ' ಆ್ಯಪ್ ಗಮನಿಸುವುದು. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಕೂಡಲೇ ಕೆಲಸ ನಿಲ್ಲಿಸಿ, ಮರದಡಿ ನಿಲ್ಲದೆ ಪಕ್ಕಾ ಕಟ್ಟಡವನ್ನು ಸೇರುವುದು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬಾರದಿರುವುದು.

ಕೆಲಸ ನಿಲ್ಲಿಸಲು ಹೇಳುವವರು ಯಾರು, ಸೇರಬೇಕಾದ ಕಟ್ಟಡ ಯಾವುದು ಎಂಬುದನ್ನು ಪ್ರತಿ ಕಾಮಗಾರಿ ಸ್ಥಳಕ್ಕೂ ಮುಂಚಿತವಾಗಿಯೇ ನಿಗದಿಪಡಿಸುವುದು ಸೂಕ್ತ. ಆಕಾಶ ಕಪ್ಪಾದ ಮೇಲೆ ಚರ್ಚಿಸಲು ಸಮಯವಿರುವುದಿಲ್ಲ.