ಜಿನವಲ್ಲಭನ ಶಾಸನ: ಚಿತ್ರ, ಗದ್ಯ, ಪದ್ಯಗಳ ಹೊಂದಾಣಿಕೆ

ವಿಜಯವಾಡೆಯ ಒನ್ ಟೌನಿನಲ್ಲಿ ವಾಸಿಸುವ ಕನ್ನಡಿಗನು ಇಂದ್ರಕೀಲಾದ್ರಿಯತ್ತ ಕಣ್ಣೆತ್ತಿದಾಗ ಪಂಪಕವಿಯನ್ನು ನೆನೆಯುವುದು ಸಹಜ. ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದುದು ಈ ಬೆಟ್ಟದಲ್ಲಿಯೇ ಎಂದು ಇಲ್ಲಿಯವರ ನಂಬಿಕೆ. ಆ ಅರ್ಜುನನಲ್ಲಿ ತನ್ನ ಒಡೆಯನಾದ ಅರಿಕೇಸರಿಯನ್ನು ಕಂಡು ಕಾವ್ಯ ಕಟ್ಟಿದ ಪಂಪನ ಪೂರ್ವಿಕರೂ ವೆಂಗಿನಾಡಿನವರೇ. ಆದರೆ ಈ ಲೇಖನದ ವಿಷಯ ಪಂಪನಲ್ಲ. ಅವನ ತಮ್ಮ ಜಿನವಲ್ಲಭನು ಬಂಡೆಯೊಂದರ ಮೇಲೆ ಮಾಡಿಸಿದ ಕೆಲಸ. ಹೇಳಬೇಕಾದುದನ್ನು ಹಲವು ಮಾಧ್ಯಮಗಳಲ್ಲಿ ಹಂಚಿ ಹೇಳುವುದು ಹೇಗೆ ಎಂಬ ಪ್ರಶ್ನೆಗೆ ಅಲ್ಲಿ ಒಂದು ಉತ್ತರವುಂಟು.

ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲ ಗ್ರಾಮದ ಬಳಿ ಬೊಮ್ಮಲಮ್ಮ ಗುಟ್ಟವೆಂಬ ಗುಡ್ಡವಿದೆ. ಅಲ್ಲಿಯ ಬಂಡೆಯಲ್ಲಿ ಚಕ್ರೇಶ್ವರಿಯನ್ನೂ ಜಿನಬಿಂಬಗಳನ್ನೂ ಕಡೆಯಲಾಗಿದೆ. ಅವುಗಳೊಡನೆ ಕ್ರಿ.ಶ. 945ರ ಸುಮಾರಿನ, ಹನ್ನೊಂದು ಸಾಲುಗಳ ಶಾಸನವಿದೆ. ಅದು ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿದೆ; ಗದ್ಯವೂ ಪದ್ಯವೂ ಬೆರೆತಿದೆ.

ಇಲ್ಲಿ ಗಮನಿಸಬೇಕಾದುದು ಕೆಲಸದ ಹಂಚಿಕೆ. ಪಂಪನ ವಂಶ, ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ, ಅರಿಕೇಸರಿಯು ಕವಿಗೆ ಕೊಟ್ಟ ಧರ್ಮಪುರವೆಂಬ ಅಗ್ರಹಾರ, ಇಂತಹ ಸಂಗತಿಗಳನ್ನು ಕನ್ನಡದ ಭಾಗದಿಂದ ತಿಳಿಯುತ್ತೇವೆ. ತೆಲುಗಿನ ಮೂರು ಕಂದಪದ್ಯಗಳಲ್ಲಿ ಪ್ರಶಂಸೆ ಮುಖ್ಯ: ಜಿನಭವನಗಳನ್ನೆತ್ತಿಸುವುದರಲ್ಲಿ, ಪೂಜೆಯಲ್ಲಿ, ಮುನಿಗಳಿಗೆ ಅನ್ನದಾನ ಮಾಡುವುದರಲ್ಲಿ ಜಿನವಲ್ಲಭನಿಗೆ ಸಮಾನರಿಲ್ಲವೆಂಬ ಭಾವ. ಕಂದವು ಎರಡು ಭಾಷೆಗಳಿಗೂ ಬಳಕೆಯ ಛಂದಸ್ಸು, ಕಿವಿಯಲ್ಲಿ ನಿಲ್ಲುವಂತಹುದು. ಅಕ್ಷರವನ್ನೇ ಅರಿಯದವನಿಗೆ ಮೂರ್ತಿಯಿದೆ. ಚಕ್ರೇಶ್ವರಿಯು ಆದಿನಾಥನ ಯಕ್ಷಿಯಾದುದರಿಂದ, 941ರ ಆದಿಪುರಾಣದ ಕವಿಯ ಮನೆತನದ ಶ್ರದ್ಧೆಯನ್ನು ಅವಳ ರೂಪವೇ ಸಾರುತ್ತದೆ. ಹೀಗೆ ಒಂದನ್ನು ಇನ್ನೊಂದು ಪುನರುಕ್ತಿ ಮಾಡದೆ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಈ ಸಮಗ್ರತೆಯನ್ನು ಒಡೆದವರು ನಾವು. ಕನ್ನಡ ಸಾಹಿತ್ಯಚರಿತ್ರೆಯು ಪಂಪನ ವಂಶವೃತ್ತಾಂತಕ್ಕಾಗಿ ಈ ಶಾಸನವನ್ನು ಉದಾಹರಿಸುತ್ತದೆ. ತೆಲುಗಿನವರು ತಮ್ಮ ಕಂದಪದ್ಯದ ಪ್ರಾಚೀನತೆಗೆ ಅದನ್ನೇ ಆಧಾರವಾಗಿ ತೋರಿಸುತ್ತಾರೆ. ಮೂರ್ತಿಗಳು ಶಿಲ್ಪಚರಿತ್ರೆಯ ಪಾಲಾಗುತ್ತವೆ. 2008ರಲ್ಲಿ ಕನ್ನಡ, ತೆಲುಗು ಎರಡಕ್ಕೂ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಎರಡೂ ಒಂದೇ ಬಂಡೆಯನ್ನು ಹಂಚಿಕೊಂಡಿದ್ದವೆಂಬ ಮಾತು ಮಾತ್ರ ಹಿಂದೆ ಬಿದ್ದಿತು.

ಹೊರನಾಡಿನ ಸಂಘಗಳಿಗೆ ಇದು ಕೇವಲ ಪುರಾತತ್ತ್ವವಲ್ಲ. ಅಚ್ಚಾದ ಪ್ರಬಂಧವನ್ನೇ ವೇದಿಕೆಯಲ್ಲಿ ಓದುವುದು, ಓದಿದ ವಾಕ್ಯಗಳನ್ನೇ ತೆರೆಯ ಮೇಲೆ ತೋರಿಸುವುದು, ಇವು ನಮ್ಮ ಸಭೆಗಳಲ್ಲಿ ಸಾಮಾನ್ಯ. ಇದು ಮಾಧ್ಯಮಗಳ ಸಂಯೋಗವಲ್ಲ, ಒಂದೇ ಮಾತಿನ ಆವರ್ತನೆ. ಇದರ ನಷ್ಟವನ್ನು ಅನುಭವಿಸುವವರು ಮನೆಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ತೆಲುಗು ಮತ್ತು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಕಲಿಯುವ ನಮ್ಮ ಮಕ್ಕಳು. ಅವರಿಗೆ ಕಿವಿಯಲ್ಲಿ ಕನ್ನಡವುಂಟು, ಕಣ್ಣಿನಲ್ಲಿಲ್ಲ. ಅವರಿಗಾಗಿ ಪದ್ಯವನ್ನು ಗಮಕಿಯ ಕಂಠದಿಂದ ಕೇಳಿಸಬೇಕು. ಮೂರ್ತಿಯನ್ನು ಚಿತ್ರದಲ್ಲಿ ತೋರಿಸಬೇಕು. ಹೆಸರು, ಇಸವಿಗಳನ್ನು ಸಂಕ್ಷಿಪ್ತ ಗದ್ಯದಲ್ಲಿ ಕನ್ನಡ, ತೆಲುಗು ಎರಡೂ ಲಿಪಿಗಳಲ್ಲಿ ಅಚ್ಚು ಮಾಡಿಸಿ ಕೈಗೆ ಕೊಡಬೇಕು. ಜಿನವಲ್ಲಭನ ಕಾಲಕ್ಕೆ ಈ ಎರಡು ಭಾಷೆಗಳಿಗೂ ಲಿಪಿಯೊಂದೇ ಆಗಿದ್ದಿತು; ಇಂದಿಗೂ ಅಕ್ಷರಗಳ ಹೋಲಿಕೆ ಅಳಿದಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿ ಕಂಡ ಮಗುವಿಗೆ ಕನ್ನಡ ಲಿಪಿಯನ್ನು ಕಲಿಯುವುದು ಕಷ್ಟವಾಗಲಾರದು.

ಯಾವುದನ್ನು ಯಾವುದರಿಂದ ಹೇಳಬೇಕು, ಯಾರಿಗೆ ಹೇಳಬೇಕು ಎಂಬ ವಿವೇಚನೆಯೇ ಇಲ್ಲಿ ಮುಖ್ಯ, ಉಪಕರಣಗಳ ಹೆಚ್ಚಳವಲ್ಲ. ಉಳಿ ಸುತ್ತಿಗೆಗಳಿಂದ ಸಾಧ್ಯವಾದುದು ನಮಗೆ ಸಾಧ್ಯವಾಗದಿದ್ದರೆ, ಕೊರತೆ ಸಾಧನದಲ್ಲಿಲ್ಲವೆಂದೇ ಹೇಳಬೇಕಾಗುತ್ತದೆ.